ಒಂದು ವಿಭಕ್ತಿದೋಷ

30 ವರ್ಷ ಕಾಲೇಜಿನಲ್ಲಿ ಕನ್ನಡ ವ್ಯಾಕರಣ ಕಲಿಸಿದ ನಾನು 66ನೆಯ ವಯಸ್ಸಿನಲ್ಲಿ ಇಟಾಲಿಯನ್ ಭಾಷೆಯ ಬಾಲಬೋಧೆಯನ್ನು ಕೈಗೆತ್ತಿಕೊಂಡುದಕ್ಕೆ ಪಾಂಡಿತ್ಯದ ಹಂಬಲವೇನೂ ಕಾರಣವಲ್ಲ. ಮಗಳು ಮಿಲಾನಿನಲ್ಲಿ ಸಂಸಾರ ಹೂಡಿದ್ದಾಳೆ. ಏಳು ವರ್ಷದ ಮೊಮ್ಮಗನಿಗೆ ನನ್ನ ಕನ್ನಡ ತಿಳಿಯುತ್ತದೆ. ಉತ್ತರ ಮಾತ್ರ ಇಟಾಲಿಯನ್ನಿನಲ್ಲಿ ಬರುತ್ತದೆ. ಅದು ಅರ್ಥವಾಗದೆ ನಾನು ಟೆಲಿಫೋನಿನ ಈ ತುದಿಯಲ್ಲಿ ಸುಮ್ಮನೆ ನಗುತ್ತಿದ್ದೆ.

ನಮ್ಮಲ್ಲಿ ವಿಭಕ್ತಿಪ್ರತ್ಯಯಗಳು ಮಾಡುವ ಕೆಲಸವನ್ನು ಆ ಭಾಷೆಯಲ್ಲಿ ನಾಮಪದಕ್ಕೆ ಮೊದಲು ಬರುವ ಪುಟ್ಟ ಪದಗಳು ಮಾಡುತ್ತವೆ. 'ದಿ' ಎಂದರೆ ಷಷ್ಠಿ, 'ಇನ್' ಎಂದರೆ ಸಪ್ತಮಿ, 'ದಾ' ಬಹುಮಟ್ಟಿಗೆ ಪಂಚಮಿ. ಇವುಗಳ ಮಗ್ಗುಲಲ್ಲಿ ಇಂಗ್ಲಿಷ್ ಓದಿದವರು ಆರ್ಟಿಕಲ್ ಎಂದು ಬಲ್ಲ ಉಪಪದವಿದ್ದರೆ ಎರಡೂ ಬೆಸೆದುಕೊಳ್ಳುತ್ತವೆ. 'ದಿ', 'ಇಲ್' ಸೇರಿ 'ದೆಲ್'. 'ಇನ್', 'ಇಲ್' ಸೇರಿ 'ನೆಲ್'. ಸ್ತ್ರೀಲಿಂಗದ 'ಲಾ' ಸೇರಿದರೆ 'ದೆಲ್ಲಾ', 'ನೆಲ್ಲಾ'. ದಿ, ಆ, ದಾ, ಇನ್, ಸು ಎಂಬ ಐದು ಪದಗಳು ಉಪಪದದ ಏಳು ರೂಪಗಳೊಡನೆ ಕೂಡಿ 35 ರೂಪಗಳಾಗುತ್ತವೆ. 'ಗೋಸ್ಕರ' ಎಂಬರ್ಥದ 'ಪೆರ್' ಮಾತ್ರ ಈಗಿನ ಬರಹದಲ್ಲಿ ಯಾರೊಡನೆಯೂ ಬೆರೆಯದು. ಮಡಿಯುಟ್ಟವರಂತೆ ದೂರ ನಿಲ್ಲುತ್ತದೆ.

ಇನ್ನು ಅತಿಶಯ. 'ಆಲ್ತೊ' ಎಂದರೆ ಎತ್ತರ. 'ಆಲ್ತಿಸ್ಸಿಮೊ' ಎಂದರೆ ಬಲು ಎತ್ತರ. ನಮ್ಮ 'ತುತ್ತತುದಿ', 'ನಟ್ಟನಡು'ಗಳಲ್ಲಿರುವಂತೆ ಮಾತಿಗೆ ಒತ್ತುಂಟು, ಹೋಲಿಕೆಯಿಲ್ಲ. ಹೋಲಿಸಿ ಹೇಳುವಾಗ 'ಇಲ್ ಪ್ಯೂ ಆಲ್ತೊ', ಎಲ್ಲರಿಗಿಂತ ಎತ್ತರ. ನಾನು ಎಡವಿದ್ದು ಇಲ್ಲಿ. ಮೊಮ್ಮಗ ತನ್ನ ತರಗತಿಯಲ್ಲೆಲ್ಲ ಎತ್ತರದ ಹುಡುಗ. ನಮ್ಮ ಸಪ್ತಮಿಯನ್ನೇ ನಂಬಿ 'ನೆಲ್ಲಾ ಕ್ಲಾಸ್ಸೆ' ಎಂದು ಬರೆದೆ. ಪತ್ರ ತಲುಪಿದ ದಿನವೇ ಟೆಲಿಫೋನು ಬಂತು: "ದೆಲ್ಲಾ, ಅಜ್ಜ!"

ಇಟಾಲಿಯನ್ನಿಗೆ ಅಲ್ಲಿ ಷಷ್ಠಿ ಬೇಕು. ಗುಂಪಿನಿಂದ ಒಬ್ಬನನ್ನು ಬೇರ್ಪಡಿಸಿ ಹೇಳುವ ಈ ನಿರ್ಧಾರಣಕ್ಕೆ ಪಾಣಿನಿ ಷಷ್ಠೀ ಸಪ್ತಮೀ ಎರಡನ್ನೂ ಒಪ್ಪಿದ್ದಾನೆ. 'ಕವೀನಾಂ' ಎಂದರೂ ಸರಿ, 'ಕವಿಷು' ಎಂದರೂ ಸರಿ. ಕನ್ನಡ ಸಪ್ತಮಿಯನ್ನು ಹಿಡಿಯಿತು, ಇಟಾಲಿಯನ್ ಷಷ್ಠಿಯನ್ನು. ಇದನ್ನು ವರ್ಷವರ್ಷವೂ ಪಾಠ ಹೇಳಿದವನೇ ನಾನು! ಬೇರೆ ಮನೆಮಾತಿನ ಹುಡುಗರು ಕನ್ನಡದಲ್ಲಿ ವಿಭಕ್ತಿ ತಪ್ಪಿದಾಗ ಕೆಂಪುಗೆರೆ ಎಳೆದು ಅಂಕ ಕಳೆದಿದ್ದೇನೆ. ಒಬ್ಬನನ್ನಂತೂ ತರಗತಿಯ ಎದುರಿಗೇ ನಗೆಪಾಟಲು ಮಾಡಿದೆ. ಅವನು ತನ್ನ ಮನೆಮಾತಿನ ವ್ಯಾಕರಣಕ್ಕೆ ನಿಷ್ಠನಾಗಿದ್ದನೆಂಬುದು ನನಗೆ ಆಗ ಹೊಳೆಯಲಿಲ್ಲ.

ಈಗ ಪ್ರತಿ ಸಾಲನ್ನೂ ಎರಡು ಸಲ ಓದಿ ಪತ್ರವನ್ನು ಅಂಚೆಗೆ ಹಾಕುತ್ತೇನೆ. ಹೋದ ವಾರ ಬಂದ ಉತ್ತರದಲ್ಲಿ ಮೊಮ್ಮಗ ಕೆಂಪು ಪೆನ್ಸಿಲಿನಿಂದ ಒಂದೇ ತಪ್ಪು ಗುರುತಿಸಿದ್ದಾನೆ: 'ಪೆರ್' ಅನ್ನು ಬೆಸೆದುಬಿಟ್ಟಿದ್ದೆ.