ಎಂಜಿನ್ನಿಗಾಗಿ ಕಾದ ಮರುತ್

(ನಗರದ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ದಾರಿಯೊಂದಕ್ಕೆ ಸುರಂಜನ್ ದಾಸ್ ರಸ್ತೆ ಎಂದು ಹೆಸರು. ಬಸ್ ಕಂಡಕ್ಟರ್ ಆ ಹೆಸರು ಕೂಗಿದಾಗಲೆಲ್ಲ ನಾನು ಇಳಿದಿದ್ದೇನೆ, ಹತ್ತಿದ್ದೇನೆ. ಯಾರೀ ದಾಸರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪುರಂದರದಾಸರು, ಕನಕದಾಸರು, ವಿಜಯದಾಸರು ಇದ್ದ ನಾಡು ನಮ್ಮದು. ಇವರೂ ಅದೇ ಸಾಲಿನ ಹರಿದಾಸರೊಬ್ಬರಿರಬೇಕು ಎಂದು ಮನಸ್ಸು ತಾನಾಗಿಯೇ ತೀರ್ಮಾನಿಸಿತ್ತು. ಪತ್ರಿಕೆಗೆ ಸೇರಿದ ಹೊಸತರಲ್ಲಿ ಇದನ್ನು ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಆಡಿಬಿಟ್ಟೆ. ಅವರು ನಗಲಿಲ್ಲ. "ಹೋಗಿ ಓದಪ್ಪ, ಆಮೇಲೆ ಬಂದು ಹೇಳು" ಎಂದರು ಅಷ್ಟೆ. ಆಗ ಓದಲು ಹಿಡಿದದ್ದನ್ನೇ ಇಂದು ನಿಮಗೆ ಹೇಳುತ್ತೇನೆ.

ಸುರಂಜನ್ ದಾಸ್ ವಾಯುಪಡೆಯ ಗ್ರೂಪ್ ಕ್ಯಾಪ್ಟನ್. ಎಚ್‌ಎಎಲ್‌ನಲ್ಲಿ ಪರೀಕ್ಷಾ ವೈಮಾನಿಕ. ಹೊಸ ವಿಮಾನವನ್ನು ಮೊದಲ ಸಲ ಮೇಲಕ್ಕೆ ಒಯ್ದು, ಅದು ಹಾರುತ್ತದೋ ಇಲ್ಲವೋ ಎಂದು ತನ್ನ ಜೀವವನ್ನೇ ತಕ್ಕಡಿಗಿಟ್ಟು ನೋಡುವುದು ಅವರ ಕೆಲಸ. ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್.ಆರ್. ದಾಸ್ ಅವರ ಮಗ. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಪ್ರಯೋಗದ ಹಂತದಲ್ಲಿದ್ದ ವಿಮಾನವೊಂದು ಬಿದ್ದು ಅವರು ತೀರಿಕೊಂಡರು. ಆ ಮಾದರಿಯ ವಿಮಾನ ಮುಂದೆ ವಾಯುಪಡೆಗೆ ಸೇರಲೇ ಇಲ್ಲ. ಇಂದಿನ ನನ್ನ ವಿಷಯ ಅದೇ: ಹೀಗೆ ಪ್ರಯೋಗದಲ್ಲೇ ಉಳಿದುಹೋದ ಯುದ್ಧವಿಮಾನ.

ಕಥೆ ಶುರುವಾಗುವುದು 1956ರಲ್ಲಿ. ಆ ವರ್ಷ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರರು ತಮ್ಮ ತಂಡದೊಂದಿಗೆ ಎಚ್‌ಎಎಲ್‌ಗೆ ಬಂದರು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವೈಮಾನಿಕರನ್ನು ಕಂಗೆಡಿಸಿದ ಫೋಕೆ ವುಲ್ಫ್ 190 ಈ ಪುಣ್ಯಾತ್ಮರ ಸೃಷ್ಟಿ. ಯುದ್ಧದ ನಂತರ ಅವರು ಅರ್ಜೆಂಟೀನಾಕ್ಕೆ ಹೋಗಿ ಅಧ್ಯಕ್ಷ ಪೆರೋನ್ ಆಶ್ರಯದಲ್ಲಿ ಪುಲ್ಕಿ-2 ಎಂಬ ಜೆಟ್ ಫೈಟರ್ ರೂಪಿಸಿದರು, ತಾವೇ ಕುಳಿತು ಹಾರಿಸಿಯೂ ನೋಡಿದರು. ಐದೇ ಐದು ವಿಮಾನ ತಯಾರಾದವು. 1955ರಲ್ಲಿ ಪೆರೋನ್ ಪದಚ್ಯುತರಾದರು, ಟ್ಯಾಂಕ್ ಗಂಟುಮೂಟೆ ಕಟ್ಟಿದರು. ಅಂದರೆ, ಪೂರ್ಣ ಸೇವೆಗೆ ಸೇರದ ವಿಮಾನದ ಅನುಭವವನ್ನು ಬೆನ್ನಿಗೆ ಕಟ್ಟಿಕೊಂಡೇ ಅವರು ಬೆಂಗಳೂರಿಗೆ ಬಂದಿಳಿದರು.

ಇಲ್ಲಿ ಅವರಿಗೆ ಕೊಟ್ಟ ಕೆಲಸವೇನು? ಶಬ್ದದ ಎರಡರಷ್ಟು ವೇಗದಲ್ಲಿ ಹಾರಬೇಕು, 60,000 ಅಡಿ ಎತ್ತರಕ್ಕೆ ಏರಬೇಕು. ಆಗಿನ ಎಚ್‌ಎಎಲ್‌ನ ಬಂಡವಾಳವನ್ನೂ ನೋಡಿ. ಡಾ. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತ್ತು. ಅದು ಮುಂದೆ ಪ್ರೊಪೆಲ್ಲರ್ ತಿರುಗುವ ಪುಟ್ಟ ವಿಮಾನ. ಅಲ್ಲಿಂದ ನೇರವಾಗಿ ಶಬ್ದಾತೀತ ಫೈಟರ್‌ಗೆ ಜಿಗಿತ! ಆದರೂ ಕೆಲಸ ಬಲು ಶ್ರದ್ಧೆಯಿಂದ ನಡೆಯಿತು. ಮೊದಲು ಅದೇ ಅಳತೆಯ ಗ್ಲೈಡರ್ ಒಂದನ್ನು ಮರದಲ್ಲಿ ಕಟ್ಟಿದರು. ಅದಕ್ಕೆ ಎಂಜಿನ್ನೇ ಇಲ್ಲ. ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆದೊಯ್ದು ಮೇಲೆ ಬಿಡುವುದು, ಅದು ತೇಲುತ್ತಾ ಕೆಳಗಿಳಿಯುವುದು. 1959ರಲ್ಲಿ ಅದು ಹಾರಿತು. 1961ರ ಜೂನ್ 17ರಂದು ನಿಜವಾದ ವಿಮಾನವನ್ನು ಸುರಂಜನ್ ದಾಸ್ ಆಕಾಶಕ್ಕೆ ಏರಿಸಿದರು. ಹೆಸರು ಎಚ್‌ಎಫ್-24, ಮರುತ್.

ಕೊರತೆ ಇದ್ದದ್ದು ಒಂದೇ, ಎಂಜಿನ್.

ಟ್ಯಾಂಕ್ ಈ ವಿಮಾನವನ್ನು ಮನಸ್ಸಿನಲ್ಲಿ ರೂಪಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪೆನಿಯ ಆರ್ಫಿಯಸ್-12 ಎಂಬ ಎಂಜಿನ್ ಎರಡನ್ನು ನೆಚ್ಚಿಕೊಂಡು. ಒಂದೊಂದೂ ರೀಹೀಟ್ ಸೇರಿ 8,170 ಪೌಂಡ್ ನೂಕುಬಲ ಕೊಡಬೇಕಿತ್ತು. ರೀಹೀಟ್ ಎಂದರೆ ಕಷ್ಟದ ಸಂಗತಿಯೇನಲ್ಲ. ಜೆಟ್ ಎಂಜಿನ್ನಿನಿಂದ ಹೊರಬೀಳುವ ಬಿಸಿಗಾಳಿಯಲ್ಲಿ ಆಮ್ಲಜನಕ ಇನ್ನೂ ಸಾಕಷ್ಟು ಉಳಿದಿರುತ್ತದೆ. ಹಿಂದಿನ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಚಿಮ್ಮಿಸಿ ಉರಿಸಿದರೆ ಆ ಗಾಳಿ ಇನ್ನಷ್ಟು ಜೋರಾಗಿ ನುಗ್ಗುತ್ತದೆ. ಇಂಧನ ನೀರಿನಂತೆ ಖರ್ಚಾಗುತ್ತದೆ ನಿಜ, ಆದರೆ ಶಬ್ದದ ವೇಗವನ್ನು ಬಹುವಾಗಿ ದಾಟಲು ಆ ಕಾಲದ ಫೈಟರ್‌ಗಳು ಸಾಮಾನ್ಯವಾಗಿ ಅದನ್ನೇ ನೆಚ್ಚಿಕೊಂಡಿದ್ದವು. ಆರ್ಫಿಯಸ್-12ರ ಬಗ್ಗೆ ಯೂರೋಪಿನಲ್ಲಿ ಆಸಕ್ತಿ ಬತ್ತಿತು. ಅದನ್ನು ಮುಗಿಸಿಕೊಡಬೇಕಾದರೆ ಭಾರತ ಹಣ ಹಾಕಬೇಕು ಎಂದಾಯಿತು. ದೆಹಲಿ ಒಪ್ಪಲಿಲ್ಲ. ಕೈಗೆ ಸಿಕ್ಕಿದ್ದು ಅದರ ಬಡ ತಮ್ಮ ಆರ್ಫಿಯಸ್-703. ನೂಕುಬಲ 4,850 ಪೌಂಡ್, ರೀಹೀಟ್ ಇಲ್ಲ. ಲಾರಿಗೆ ಮೊಪೆಡ್ ಎಂಜಿನ್ ಕೂರಿಸಿದ ಹಾಗೆ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಶಬ್ದದ ಎರಡರಷ್ಟು ವೇಗಕ್ಕೆಂದು ಹುಟ್ಟಿದ ಮೈ ಶಬ್ದದ ವೇಗವನ್ನು ಮುಟ್ಟಿಯೂ ಮುಟ್ಟದಂತೆ ನಿಂತುಬಿಟ್ಟಿತು.

ಪಶ್ಚಿಮದವರು ನಮ್ಮನ್ನು ಮೇಲೇಳಲು ಬಿಡಲಿಲ್ಲ ಎಂದು ಈ ಘಟ್ಟದಲ್ಲಿ ಹೇಳುವುದು ವಾಡಿಕೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಕೇಳಿದ ಹಣ ಕೊಡದಿದ್ದವರು ನಾವೇ. ಎಂಜಿನ್ ಖಾತ್ರಿಯಾಗುವ ಮೊದಲೇ ವಿಮಾನ ಕಟ್ಟಲು ಕುಳಿತವರೂ ನಾವೇ. ರಷ್ಯನ್ನರ ಆರ್‌ಡಿ-9 ಎಂಜಿನ್ನನ್ನು ಪರಿಶೀಲಿಸಿದ್ದಾಯಿತು, ಅದೂ ಹೊಂದಲಿಲ್ಲ. ಅಷ್ಟರಲ್ಲಿ ಮಿಗ್-21 ಕೊಳ್ಳುವ ಒಪ್ಪಂದ 1962ರಲ್ಲಿ ಆಗಿಹೋಯಿತು. ಶಬ್ದದ ಎರಡರಷ್ಟು ವೇಗದ ವಿಮಾನ ಪೇಟೆಯಲ್ಲೇ ಸಿಗುವಾಗ ಮರುತ್‌ಗಾಗಿ ತಲೆಕೆಡಿಸಿಕೊಳ್ಳುವವರು ಎಷ್ಟು ಮಂದಿ?

ಇನ್ನು ಮುಂದಿನದು ನನಗೆ ಎಲ್ಲಕ್ಕಿಂತ ಸ್ವಾರಸ್ಯ ಎನಿಸಿದ ಭಾಗ. ದೃಶ್ಯ ಈಜಿಪ್ಟಿಗೆ ಬದಲಾಗುತ್ತದೆ.

ಕೈರೋ ಪಕ್ಕದ ಹೆಲ್ವಾನ್‌ನಲ್ಲಿ ಅಧ್ಯಕ್ಷ ನಾಸೆರ್ ಕೂಡ ಸ್ವಂತ ಫೈಟರ್ ಮಾಡಿಸುತ್ತಿದ್ದರು. ಅಲ್ಲಿಯ ವಿನ್ಯಾಸಕಾರರು ಇನ್ನೊಬ್ಬ ಜರ್ಮನ್, ಸಾಕ್ಷಾತ್ ವಿಲ್ಲಿ ಮೆಸರ್‌ಶ್ಮಿಟ್. ವಿಮಾನದ ಹೆಸರು ಎಚ್‌ಎ-300. ಅದಕ್ಕೆ ಇ-300 ಎಂಬ ಎಂಜಿನ್ ತಯಾರಿಸುತ್ತಿದ್ದವರು ಆಸ್ಟ್ರಿಯದ ಫರ್ಡಿನಾಂಡ್ ಬ್ರಾಂಡ್ನರ್. ಯುದ್ಧ ಮುಗಿದ ಮೇಲೆ ರಷ್ಯನ್ನರು ಇವರನ್ನು ಕೊಂಡೊಯ್ದು ವರ್ಷಗಟ್ಟಲೆ ಕೆಲಸ ಮಾಡಿಸಿದ್ದರು. ಅಲ್ಲಿ ಅವರ ತಂಡ ಕೈಹಾಕಿದ್ದು ಎನ್‌ಕೆ-12 ಎಂಬ ದೈತ್ಯ ಟರ್ಬೊಪ್ರಾಪ್ ಎಂಜಿನ್ನಿಗೆ. ನಮ್ಮ ನೌಕಾಪಡೆಯ ಟಿಯು-142 ವಿಮಾನಗಳು ಅರಕ್ಕೋಣಂನಿಂದ 2017ರವರೆಗೂ ಹಾರುತ್ತಿದ್ದದ್ದು ಅದೇ ಎಂಜಿನ್ನಿನ ಬಲದಲ್ಲಿ. ಋಣಾನುಬಂಧ ಎಲ್ಲಿಂದ ಎಲ್ಲಿಗೆ!

ಈಜಿಪ್ಟಿನವರಿಗೂ ಎಂಜಿನ್ ಸಕಾಲಕ್ಕೆ ಮುಗಿಯಲಿಲ್ಲ. ಅವರೂ ತಾತ್ಕಾಲಿಕವಾಗಿ ಕೂರಿಸಿದ್ದು ಆರ್ಫಿಯಸ್-703 ಅನ್ನೇ! 1964ರ ಮಾರ್ಚ್ 7ರಂದು ಎಚ್‌ಎ-300 ಮೊದಲ ಬಾರಿಗೆ ಹಾರಿದಾಗ ಅದನ್ನು ನಡೆಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಈಜಿಪ್ಟಿನ ಫೈಟರನ್ನು ಮೊದಲು ಹಾರಿಸಿದ ವೈಮಾನಿಕ ನಮ್ಮವರು ಎಂಬುದು ಇಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ನಾನರಿಯೆ. ನನಗಂತೂ ಗೊತ್ತಿರಲಿಲ್ಲ.

ಲೆಕ್ಕ ಸರಳವಾಗಿತ್ತು. ನಮ್ಮ ಬಳಿ ವಿಮಾನವಿದೆ, ಎಂಜಿನ್ ಇಲ್ಲ. ಅವರ ಬಳಿ ಎಂಜಿನ್ ಆಗುತ್ತಿದೆ. ರೀಹೀಟ್ ಸೇರಿ ಸುಮಾರು 4,800 ಕಿಲೋ ನೂಕುಬಲ ಕೊಡುವ ಇ-300 ಬಂದರೆ ಮರುತ್‌ನ ದಾರಿದ್ರ್ಯ ಹಿಂಗೀತು ಎಂದು ಒಂದು ಮರುತ್ ವಿಮಾನವನ್ನು ಭಾರತೀಯ ತಂಡದೊಂದಿಗೆ ಹೆಲ್ವಾನ್‌ಗೆ ಕಳಿಸಲಾಯಿತು. ಅದರಲ್ಲಿ ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಇ-300. ಎರಡು ಎತ್ತುಗಳಲ್ಲಿ ಒಂದು ಬಡಕಲು, ಇನ್ನೊಂದು ಗೂಳಿ; ಹಾಗೆ ಹೂಡಿದ ಬಂಡಿಯನ್ನು ನೆಟ್ಟಗೆ ನಡೆಸುವುದು ರೈತರಿಗೇ ಕಷ್ಟ. ಆದರೂ 1967ರ ಮಾರ್ಚ್ 29ರಂದು ಅದು ಹಾರಿತು, ಮುಂದೆ ಹಲವು ಬಾರಿ ಹಾರಿತು.

ಎರಡೇ ತಿಂಗಳು ಕಳೆದು ಜೂನ್‌ನಲ್ಲಿ ಇಸ್ರೇಲ್ ಜೊತೆ ಆರು ದಿನಗಳ ಯುದ್ಧ. ಸೋತ ಈಜಿಪ್ಟಿನ ಖಜಾನೆಯಲ್ಲಿ ಪ್ರಯೋಗಗಳಿಗೆ ದುಡ್ಡಿರಲಿಲ್ಲ. 1969ರಲ್ಲಿ ಎಚ್‌ಎ-300 ಯೋಜನೆಯನ್ನು ಮುಚ್ಚಿದರು. ಎಂಜಿನ್ನೂ ಅದರೊಡನೆ ಹೋಯಿತು, ನಮ್ಮ ತಂಡ ಬರಿಗೈಯಲ್ಲಿ ಮರಳಿತು. ಕುರ್ಟ್ ಟ್ಯಾಂಕ್ ಅದಕ್ಕೂ ಮೊದಲೇ, 1967ರಲ್ಲಿ, ಭಾರತ ಬಿಟ್ಟಿದ್ದರು.

ಉಳಿದದ್ದು ಸ್ವಂತ ಪ್ರಯತ್ನ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯವರು ಆರ್ಫಿಯಸ್-703ಕ್ಕೇ ರೀಹೀಟ್ ಜೋಡಿಸಿದರು. ಅದಕ್ಕೆ ಜಾಗ ಮಾಡಲು ವಿಮಾನದ ಹಿಂಭಾಗವನ್ನು ಹಿಗ್ಗಿಸಬೇಕಾಯಿತು. ಹಿಗ್ಗಿಸಿದ ಬಾಲಕ್ಕೆ ಗಾಳಿಯ ತಡೆ ಹೆಚ್ಚಿ, ರೀಹೀಟ್‌ನಿಂದ ಗಳಿಸಿದ ಬಲದ ಬಹುಪಾಲನ್ನು ಅದೇ ತಿಂದುಹಾಕಿತು. ಈ ಮಾದರಿಗೆ ಮಾರ್ಕ್-1ಆರ್ ಎಂದು ಹೆಸರು. ನಾನು ಆರಂಭದಲ್ಲಿ ಹೇಳಿದ ಜನವರಿ 10ರ ವಿಮಾನ ಇದೇ. ಒಂಬತ್ತು ವರ್ಷಗಳ ಹಿಂದೆ ಮರುತ್‌ಗೆ ಮೊದಲ ಹಾರಾಟ ಕಲಿಸಿದ ಕೈಗಳೇ ಅಂದೂ ಅದನ್ನು ಹಿಡಿದಿದ್ದವು. ಸರ್ಕಾರ ಸುರಂಜನ್ ದಾಸ್ ಅವರಿಗೆ ಮರಣೋತ್ತರ ಪದ್ಮಭೂಷಣ ನೀಡಿತು.

ಬಡ ಎಂಜಿನ್ನಿನ ಮರುತ್ ಮಾತ್ರ ಸೇವೆಯಲ್ಲಿತ್ತು. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ, ಸಿಂಧ್ ಮರುಭೂಮಿಯ ಮೇಲೆ ಅವು ತಗ್ಗಿನಲ್ಲಿ ಹಾರಿ ದಾಳಿ ಮಾಡಿದವು. ಆಕಾಶದ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ಒಂದು ಎಂಜಿನ್ ಕೆಟ್ಟಾಗ ಇನ್ನೊಂದರ ಬಲದಲ್ಲಿ ವೈಮಾನಿಕರು ಮನೆಗೆ ಮರಳಿದ್ದೂ ಉಂಟು. ನಾವು ಬೈದ ಆರ್ಫಿಯಸ್‌ಗೆ ಇಷ್ಟು ಶ್ರೇಯಸ್ಸು ಸಲ್ಲಲೇಬೇಕು. 1990ರ ಹೊತ್ತಿಗೆ ಮರುತ್ ಸಂಪೂರ್ಣ ನಿವೃತ್ತವಾಯಿತು. ನೋಡಬೇಕೆನ್ನುವವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ, ಅಲ್ಲೊಂದಿದೆ. ಮಕ್ಕಳನ್ನೂ ಕರೆದೊಯ್ಯಿರಿ. ಮುಂದಿನಿಂದ ನೋಡಿ ಬಂದುಬಿಡಬೇಡಿ. ಹಿಂದೆ ಹೋಗಿ ಅಕ್ಕಪಕ್ಕದ ಆ ಎರಡು ಕೊಳವೆಗಳನ್ನು ನೋಡಿ.

ಕೊನೆಗೊಂದು ಸಂಗತಿ. 2001ರ ಜನವರಿ 4ರಂದು ಎಚ್‌ಎಎಲ್‌ನ ಅದೇ ಓಡುಹಾದಿಯಿಂದ ಇನ್ನೊಂದು ಸ್ವದೇಶಿ ಫೈಟರ್ ಮೇಲೇರಿತು. ಇಂದು ನಾವು ತೇಜಸ್ ಎನ್ನುವ ವಿಮಾನ ಅದು. ಅಂದು ಅದರೊಳಗಿದ್ದದ್ದು ಅಮೆರಿಕದ ಎಂಜಿನ್. ಅದಕ್ಕೆಂದೇ ಇಲ್ಲಿ ರೂಪಿಸುತ್ತಿದ್ದ ಕಾವೇರಿ ಎಂಜಿನ್ನನ್ನು 2008ರಲ್ಲಿ ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. ಕಾವೇರಿಯನ್ನು ರೂಪಿಸಿದವರು ಮರುತ್‌ಗೆ ರೀಹೀಟ್ ಜೋಡಿಸಿದ ಅದೇ ಗ್ಯಾಸ್ ಟರ್ಬೈನ್ ಸಂಸ್ಥೆಯವರು. ನೀವು ಅವರಿಗೆ ಕಾಗದ ಬರೆಯಬೇಕೆಂದರೆ ವಿಳಾಸ ಹೀಗೆ: ಸುರಂಜನ್ ದಾಸ್ ರಸ್ತೆ, ಸಿ.ವಿ. ರಾಮನ್ ನಗರ, ಬೆಂಗಳೂರು.