ನೇಗಿಲಿನಿಂದ ಲೇತ್‌ವರೆಗೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇವನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಹೇಳಬೇಕೆಂದಿರುವುದು ಕಬ್ಬಿಣದ ಕೆಲಸ ಮಾಡಿದ ಒಂದು ಮನೆತನದ ಕಥೆ. ಅದು ಕಿರ್ಲೋಸ್ಕರ್ ಮನೆತನ.

ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ತಿಳಿಯದ ಕಾರಣ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾದರು. ತಮಗೆ ಬರಬೇಕಿದ್ದ ಬಡ್ತಿ ಬೇರೆಯವರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣತಮ್ಮಂದಿರ ಸೈಕಲ್ ಅಂಗಡಿಯಿತ್ತು. ಅದರ ಜೊತೆಗೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಿಸಿದರು.

ಮರದ ನೇಗಿಲು ಮಣ್ಣನ್ನು ಗೀರುತ್ತದೆ. ಈ ನೇಗಿಲು ಮಣ್ಣನ್ನು ಮಗುಚಿ ಹಾಕುತ್ತದೆ, ಕಳೆಯ ಬೇರು ಮೇಲೆ ಬರುತ್ತದೆ. ಆದರೂ ರೈತರು ಕೊಳ್ಳಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯವಿತ್ತು. ಅವರನ್ನು ಒಪ್ಪಿಸಲು ಸುಮಾರು ಎರಡು ವರ್ಷ ಹಿಡಿಯಿತು. ಒಳ್ಳೆಯ ಯಂತ್ರ ಮಾಡಿದರೆ ಸಾಲದು, ಬಳಸುವವನ ನಂಬಿಕೆಯನ್ನೂ ಗಳಿಸಬೇಕು.

ಅಷ್ಟರಲ್ಲಿ ಬೆಳಗಾವಿಯ ಜಾಗ ಬಿಡಬೇಕಾಗಿ ಬಂತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ ಕಳ್ಳಿ ಬೆಳೆದ ಬರಡು ಭೂಮಿ ಕೊಟ್ಟರು, ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಾರ್ಖಾನೆಯೂ ಅದರ ಸುತ್ತ ಒಂದು ಊರೂ ಎದ್ದವು. ಅದೇ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರ್‌ವಾಡಿ. ಮುಂದೆ ಮಗ ಶಂತನುರಾವ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದು ಉದ್ಯಮ ಬೆಳೆಸಿದರು. 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್, ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಂಪನಿಗಳು ಶುರುವಾದವು.

ಅದಕ್ಕೂ ಮೊದಲೇ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿತ್ತು. ಅಲ್ಲಿ ತಯಾರಾಗುತ್ತಿದ್ದುದು ಲೇತ್. ಮಕ್ಕಳೇ, ಲೇತ್‌ನಲ್ಲಿ ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದು ಗರಗರ ತಿರುಗಿಸುತ್ತಾರೆ, ಹರಿತವಾದ ಉಳಿ ಅದನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಕೆತ್ತುತ್ತದೆ. ಪಂಪಿನ ಶಾಫ್ಟ್ ಇರಲಿ, ಎಂಜಿನ್ನಿನ ಭಾಗವಿರಲಿ, ಲೇತ್ ಇಲ್ಲದೆ ಆಗದು. ಇನ್ನೊಂದು ಲೇತ್ ಮಾಡಲೂ ಲೇತ್ ಬೇಕು. ಅದಕ್ಕೇ ಇದನ್ನು ಯಂತ್ರಗಳ ತಾಯಿ ಎನ್ನುತ್ತಾರೆ.

ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಒಂದು ಊರಿನ ಗಡಿಯಾರದಂತಿದ್ದ ಸೈರನ್ ನಿಂತಿತು. ದೊಡ್ಡ ಹೆಸರಿದ್ದ ಮಾತ್ರಕ್ಕೆ ಕಾರ್ಖಾನೆ ಉಳಿಯುವುದಿಲ್ಲ. ಆದರೆ ಅಲ್ಲಿ ಕೆಲಸ ಕಲಿತ ಟರ್ನರ್, ಫಿಟ್ಟರ್, ಮೋಲ್ಡರ್‌ಗಳ ಕೈಯಲ್ಲಿದ್ದ ವಿದ್ಯೆಗೆ ಯಾರೂ ಬೀಗ ಹಾಕಲಾರರು.

ಈಗಿನ ಲೇತ್ ಕಂಪ್ಯೂಟರ್‌ನಿಂದ ನಡೆಯುತ್ತದೆ. ಉಳಿ ಎಷ್ಟು ದೂರ, ಎಷ್ಟು ವೇಗದಲ್ಲಿ ಸರಿಯಬೇಕೆಂದು ಸಾಲುಸಾಲಾಗಿ ಬರೆದುಕೊಡಬೇಕು. ಬರೆಯುವವನಿಗೆ ಲೋಹದ ಗುಣ ಗೊತ್ತಿಲ್ಲದಿದ್ದರೆ ಉಳಿ ಮುರಿಯುತ್ತದೆ, ಮಾಲು ಹಾಳಾಗುತ್ತದೆ. ನನ್ನಂಥವನ ವಿದ್ಯೆ ಕೊನೆಗೂ ಆ ಟರ್ನರ್‌ನ ಅನುಭವದ ಮೇಲೇ ನಿಂತಿದೆ.

ಆದರೆ ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಐಟಿಐ ಸೇರಿದರೆ 'ಪಾಪ' ಅನ್ನುತ್ತೇವೆ. ಹುಡುಗಿ ಸೇರುತ್ತೇನೆಂದರೆ ಮನೆಯಲ್ಲಿ ಬೇಡವೆನ್ನುತ್ತಾರೆ. ಈ ಮಾತು ಬದಲಾಗಬೇಕು. ಇಂಥ ಸಮಾರಂಭಗಳಿಗೆ ಎಂಜಿನಿಯರುಗಳನ್ನಷ್ಟೇ ಕರೆಯಬೇಡಿ. ಈ ಶಾಲೆಯಲ್ಲೇ ಓದಿ ಲೇತ್, ವೆಲ್ಡಿಂಗ್, ಪಂಪ್ ರಿಪೇರಿ ಮಾಡಿ ಬದುಕು ಕಟ್ಟಿಕೊಂಡವರನ್ನೂ ಇದೇ ವೇದಿಕೆಗೆ ಕರೆಯಿರಿ. ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ವರ್ಕ್‌ಶಾಪಿಗೆ ಕರೆದೊಯ್ಯಿರಿ. ಬಸ್ಸಿನ ಖರ್ಚು ಹಳೆಯ ವಿದ್ಯಾರ್ಥಿಗಳಾದ ನಾವು ನೋಡಿಕೊಳ್ಳೋಣ.