ಶಾಲೆಯ ಸಭೆಯಲ್ಲಿ ಕೆರೆಯ ಮಾತು



ಮಾಗಡಿ ತಾಲ್ಲೂಕಿನ ಕೆಂಪಾಪುರದ ಹೆಸರು ನಾಡಿಗೆಲ್ಲ ಗೊತ್ತಾದದ್ದು 2015ರಲ್ಲಿ. ಹಿರಿಯ ಕೆಂಪೇಗೌಡರ ಸಮಾಧಿ ಅಲ್ಲಿದೆ ಎಂಬುದು ಆ ವರ್ಷ ಬೆಳಕಿಗೆ ಬಂತು. ಬೆಂಗಳೂರು ಕಟ್ಟಿ, ಊರಿಗೆ ನೀರು ಬೇಕೆಂದು ಕೆರೆಗಳನ್ನೂ ಕಟ್ಟಿಸಿದ ನಾಡಪ್ರಭುವಿನ ಕೊನೆಯ ಠಾವು ಅದು. ಅಂದಿನಿಂದ ಜನ ಹುಡುಕಿಕೊಂಡು ಬಂದು ಸಮಾಧಿ ನೋಡಿ ಹೋಗುತ್ತಾರೆ. ಆದರೆ ನನ್ನ ಇಂದಿನ ಮಾತು ಆ ಸಮಾಧಿಯದ್ದಲ್ಲ, ಅಂಥ ಊರುಗಳಲ್ಲಿ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಶಾಲೆಗೆ ಹೊರಡುವ ಮಕ್ಕಳದ್ದು, ಅವರನ್ನು ಕಳಿಸಿ ಹೊಲಕ್ಕೋ ಗಾರ್ಮೆಂಟ್ಸ್ ಬಸ್ಸಿಗೋ ಓಡುವ ತಾಯಿತಂದೆಯರದ್ದು.

ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಸುದ್ದಿಗೆ ಬರವಿಲ್ಲ. ಮೇ ಕೊನೆಗೆ ದಾಖಲಾತಿಯ ಓಡಾಟ, ಪ್ರಾರಂಭೋತ್ಸವಕ್ಕೆ ಮಾವಿನ ತೋರಣ. ಪುಸ್ತಕ ಬಂತೇ, ಸಮವಸ್ತ್ರದ ಅಳತೆ ಸರಿಯಾಯಿತೇ ಎಂಬ ವಿಚಾರಣೆ. ಮಳೆಗಾಲಕ್ಕೆ ಕೊಠಡಿ ಸೋರುವ ಸುದ್ದಿ, ಆಗಸ್ಟ್‌ನಲ್ಲಿ ಪ್ರಭಾತಫೇರಿ, ಆಮೇಲೆ ಪ್ರತಿಭಾ ಕಾರಂಜಿ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಹಾಲು, ಬಿಸಿಯೂಟ, ಮೊಟ್ಟೆ ಇವೆಲ್ಲ ದಿನದ ಸುದ್ದಿ. ಮಗುವಿನ ಉತ್ತರ ಪತ್ರಿಕೆಯನ್ನು ಪೋಷಕರ ಕೈಗೇ ಕೊಟ್ಟು ತೋರಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮವೂ ಇದೆ. ಓದು ಬಾರದ ತಾಯಿ ಕೂಡ ಆ ಹಾಳೆಯನ್ನು ತಿರುಗಿಸಿ ನೋಡಿ ಮಗಳ ಮುಖ ನೋಡುತ್ತಾಳೆ. ಸರ್ಕಾರಿ ಶಾಲೆಗೆ ಯಾರೂ ಬರುವುದಿಲ್ಲ ಎನ್ನುವವರು ಆ ದಿನ ಒಮ್ಮೆ ಹೋಗಿ ನೋಡಬೇಕು.

ಇದಕ್ಕೆಲ್ಲ ಬೆನ್ನೆಲುಬಾಗಿ ಎಸ್‌ಡಿಎಂಸಿ ಇದೆ, ಎಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ ಇದು 2001ರಲ್ಲೇ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದಿದೆ. ಸಭೆ ಸೇರಿದಾಗ ಕಾಂಪೌಂಡು, ಶೌಚಾಲಯ, ಅಡುಗೆಮನೆಯ ಮಾತು ಬರುತ್ತದೆ, ಬರಲೇಬೇಕು. ಎದ್ದು ಹೊರಡುವ ಹೊತ್ತಿಗೆ ಯಾರೋ ಒಬ್ಬರು, “ರಜಾ ಬಂತು, ಮಕ್ಕಳನ್ನ ಜೋಪಾನವಾಗಿ ನೋಡ್ಕೊಳ್ರಪ್ಪ” ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಸಭೆ ಮುಗಿಯುತ್ತದೆ.

ಆ ಒಂದು ವಾಕ್ಯಕ್ಕೆ ಅರ್ಧ ಗಂಟೆ ಕೊಡಿ ಎಂದು ಕೇಳಲು ನಾನು ಬಂದಿದ್ದೇನೆ. ಜೋಪಾನದ ಮಾತನ್ನು ನಾವು ಮನೆಗೆ ಹೋಗಿ ಮಗುವಿಗೆ ಹೇಳುತ್ತೇವೆ: ಕೆರೆ ಕಡೆ ಹೋಗಬೇಡ, ರಸ್ತೆಯಲ್ಲಿ ಓಡಬೇಡ, ಹುಷಾರು. ಎಂಟು ವರ್ಷದ ಮಗುವಿಗೆ ಹುಷಾರು ಎಂದಷ್ಟೇ ಹೇಳಿ, ಅದರ ಪ್ರಾಣ ಕಾಯುವ ಭಾರವನ್ನು ಅದರ ತಲೆಗೇ ಹೊರಿಸುವುದು ನ್ಯಾಯವಲ್ಲ. ಅಪಾಯವಿರುವ ಜಾಗಕ್ಕೆ ಬೇಲಿ ಹಾಕುವುದು, ಹಗ್ಗ ಕಟ್ಟುವುದು, ಕಣ್ಣಿಡುವುದು ಇವೆಲ್ಲ ದೊಡ್ಡವರ ಕೆಲಸ. ಒಂದು ಮನೆಯವರಿಂದ ಆಗುವ ಕೆಲಸವೂ ಅಲ್ಲ. ಊರು ಸೇರಿ ಮಾಡಬೇಕು. ಊರಿನ ಎಲ್ಲ ಮಕ್ಕಳ ತಾಯಿತಂದೆಯರು ಸೇರುವ ಜಾಗ ಶಾಲೆ ಬಿಟ್ಟರೆ ಬೇರೆ ಇಲ್ಲ.

ನೀರಿನಿಂದ ಶುರುಮಾಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ ಕೆರೆಗಳ ಸೀಮೆ. ಮಂಚನಬೆಲೆ, ಕಣ್ವ ಜಲಾಶಯಗಳೂ ಇಲ್ಲೇ ಇವೆ. ಇಲ್ಲಿನ ಹಿರಿಯರು ಈಜು ಕಲಿತದ್ದು ತೋಟದ ತೆರೆದ ಬಾವಿಯಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಇಳಿದರೆ, ಮೆಟ್ಟಿಲ ಮೇಲೆ ಮಾವನೋ ಅಣ್ಣನೋ ಕಾವಲಿಗೆ ನಿಂತಿರುತ್ತಿದ್ದರು. ಬಾವಿಗಳು ಬತ್ತಿದವು. ಕೊಳವೆಬಾವಿ ಬಂತು. ಒಂದಿಡೀ ತಲೆಮಾರು ಈಜು ಕಲಿಯದೆ ಬೆಳೆಯಿತು. ಈಗ ಮಳೆ ಬಂದು ಕೆರೆ ತುಂಬಿದರೆ, ನೀರಿನ ಆಳವೇ ಗೊತ್ತಿಲ್ಲದ ಮಕ್ಕಳು ಅದರ ಅಂಚಿನಲ್ಲಿ ನಿಂತಿರುತ್ತಾರೆ.

ಕೆರೆಯೂ ಮೊದಲಿನಂತಿಲ್ಲ. ಹಿಂದೆ ಕೆರೆಯಂಗಳ ನಿಧಾನವಾಗಿ ಇಳಿಜಾರಾಗುತ್ತಿತ್ತು. ಮೊಣಕಾಲು, ಸೊಂಟ, ಎದೆ ಎಂದು ಆಳ ತಿಳಿಯುತ್ತಿತ್ತು. ಜೆಸಿಬಿಯಿಂದ ಹೂಳು, ಮಣ್ಣು ತೆಗೆದ ಕಡೆ ಗೋಡೆಯಂತೆ ಕಡಿದಾದ ಗುಂಡಿಗಳು ಉಳಿದಿರುತ್ತವೆ. ನೀರು ನಿಂತ ಮೇಲೆ ಮೇಲ್ಗಡೆ ಎಲ್ಲ ಒಂದೇ ಸಮ ಕಾಣುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತ ಮಗು ಒಂದು ಹೆಜ್ಜೆ ಮುಂದಿಟ್ಟರೆ ಎರಡಾಳು ಆಳ. ಬಟ್ಟೆ ಒಗೆಯಲು ಹೋದ ಅಮ್ಮನ ಹಿಂದೆ ಹೋದ ಮಗುವಿಗೂ, ಗಣೇಶನನ್ನು ಬಿಡಲು ಹೋದ ಹುಡುಗರಿಗೂ ಇದೇ ಅಪಾಯ. ಎಲ್ಲಿ ಅಗೆದಿದ್ದಾರೆ ಎಂಬುದು ಟ್ರ್ಯಾಕ್ಟರಿನವರಿಗೆ ಗೊತ್ತು, ಪಂಚಾಯಿತಿಯವರಿಗೆ ಗೊತ್ತು. ಆ ಜಾಗಕ್ಕೆ ನಾಲ್ಕು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟುವ ಕೆಲಸವನ್ನು ಮಳೆಗೆ ಮೊದಲೇ ಮಾಡಿಸಬೇಕು.

ಇನ್ನು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ಒಳ್ಳೆಯ ಯೋಜನೆ, ರಾಗಿ ಒಣಗುವ ಹೊತ್ತಿಗೆ ಒಂದು ನೀರು ಕೊಟ್ಟು ಬೆಳೆ ಉಳಿಸಿಕೊಂಡ ರೈತರಿದ್ದಾರೆ. ಹೊಂಡದಲ್ಲಿ ನೀರು ಇಂಗಬಾರದೆಂದು ಹಾಸುವ ಪ್ಲಾಸ್ಟಿಕ್ ಹಾಳೆಯಲ್ಲೇ ಅಪಾಯವಿರುವುದು. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಕಾಲೂ ನಿಲ್ಲುವುದಿಲ್ಲ, ಕೈಗೂ ಏನೂ ಸಿಗುವುದಿಲ್ಲ. ಈಜು ಬಲ್ಲ ಗಂಡಸು ಕೂಡ ಬಿದ್ದರೆ ಹತ್ತಿ ಬರಲು ಹೆಣಗುತ್ತಾನೆ. ಮಗು ಕೈಕಾಲು ತೊಳೆಯಲು, ಚೆಂಡು ತೆಗೆಯಲು, ಕುರಿಮರಿಗೆ ನೀರು ಕುಡಿಸಲು ಬಗ್ಗುತ್ತದೆ, ಜಾರುತ್ತದೆ, ಅಷ್ಟೇ. ಸಿನಿಮಾದಲ್ಲಿ ತೋರಿಸುವಂತೆ ಕೂಗಾಟ ಇರುವುದಿಲ್ಲ. ಮುಳುಗುತ್ತಿರುವ ಮಗು ಉಸಿರಿಗೆ ಹೆಣಗುತ್ತಿರುತ್ತದೆ, ಕೂಗಲು ಅದಕ್ಕೆ ಉಸಿರೇ ಇರುವುದಿಲ್ಲ. ಹತ್ತು ಮಾರು ದೂರದಲ್ಲಿ ಕಳೆ ಕೀಳುತ್ತಿರುವ ತಾಯಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಹೊಂಡವಿರುವ ಅಣ್ಣತಮ್ಮಂದಿರಲ್ಲಿ ನನ್ನ ಕೋರಿಕೆ ಇದು. ಸುತ್ತ ಬೇಲಿ ಇರಲಿ. ಬೇಲಿಗೆ ಮುಚ್ಚುವ ಬಾಗಿಲಿರಲಿ. ಜೊತೆಗೆ ನಾಲ್ಕೂ ದಡಗಳಿಂದ ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟು ಮೇಲೆ ಗೂಟಕ್ಕೆ ಬಿಗಿದಿಡಿ. ತುದಿಗೆ ಲಾರಿಯ ಹಳೇ ಟ್ಯೂಬು ಕಟ್ಟಿದರೆ ಇನ್ನೂ ಒಳ್ಳೆಯದು. ಬಿದ್ದವರಿಗೆ ಹಿಡಿಯಲು ಏನಾದರೂ ಇರಬೇಕು.

ನಮ್ಮ ಪಕ್ಕದ ತುಮಕೂರಿನಲ್ಲಿ 2023ರ ಆಗಸ್ಟ್‌ನಲ್ಲಿ ನಡೆದದ್ದನ್ನು ಮರೆಯಲಾಗದು. ಸಿದ್ಧಗಂಗಾ ಮಠದ ಗೋಕಟ್ಟೆಯಲ್ಲಿ ವಿದ್ಯಾರ್ಥಿಯೊಬ್ಬ ನೀರಿಗೆ ಬಿದ್ದ. ಉಳಿಸಲು ಇಳಿದವರೂ ಮುಳುಗಿದರು. ಮಗನನ್ನು ನೋಡಲು ಬಂದಿದ್ದ ತಾಯಿಯೊಬ್ಬರೂ ಸೇರಿ ನಾಲ್ವರು ತೀರಿಕೊಂಡರು. ಮಗನನ್ನು ನೋಡಿ ಊಟ ಕೊಟ್ಟು ಬರೋಣವೆಂದು ಹಾಸ್ಟೆಲಿಗೆ ಹೋಗುವ ಎಷ್ಟು ಮನೆಗಳು ಮಾಗಡಿ ಸೀಮೆಯಲ್ಲಿಲ್ಲ? ಮಗು ಮುಳುಗುವುದನ್ನು ಕಂಡ ತಾಯಿ ನೀರಿಗೆ ಹಾರಬೇಡವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೂ ಹೇಳಲೇಬೇಕು. ಈಜು ಬಾರದವರು ಇಳಿದರೆ ಎರಡು ಪ್ರಾಣ ಹೋಗುತ್ತದೆ. ಮೊದಲು ಜೋರಾಗಿ ಕೂಗಿ ಜನ ಸೇರಿಸಿ. ದಡದಲ್ಲಿ ಬೋರಲು ಮಲಗಿ ಸೀರೆಯನ್ನೋ ಪಂಚೆಯನ್ನೋ ಗಳವನ್ನೋ ಚಾಚಬೇಕು. ಆಗ ಮುಳುಗುವವರ ಎಳೆತಕ್ಕೆ ನೀವು ಬೀಳುವುದಿಲ್ಲ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಬಿಂದಿಗೆ, ಏನು ತೇಲುತ್ತದೋ ಅದನ್ನು ಎಸೆಯಿರಿ.

ಮೇಲೆ ತಂದ ಮೇಲೆ ನಮ್ಮಲ್ಲಿ ಒಂದು ರೂಢಿಯಿದೆ: ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು. ದಯವಿಟ್ಟು ಬಿಡಿ. ಮಗುವಿಗೆ ಆಗ ಬೇಕಾಗಿರುವುದು ಉಸಿರು. ಮಿದುಳಿಗೆ ಪ್ರಾಣವಾಯು ತಲುಪದೆ ನಾಲ್ಕಾರು ನಿಮಿಷ ಕಳೆದರೆ ಆಗುವ ಹಾನಿಯನ್ನು ಯಾವ ಆಸ್ಪತ್ರೆಯೂ ಸರಿಪಡಿಸಲಾರದು. ಉಸಿರಾಡದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಉಬ್ಬುವಂತೆ ಐದು ಸಲ ಉಸಿರು ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಗಟ್ಟಿಯಾಗಿ, ಬೇಗಬೇಗ ಒತ್ತಿ, ಮತ್ತೆ ಎರಡು ಉಸಿರು. 108ರ ಆಂಬುಲೆನ್ಸ್ ಬರುವವರೆಗೆ ಅಥವಾ ಮಗು ಉಸಿರಾಡುವವರೆಗೆ ನಿಲ್ಲಿಸಬಾರದು. ಇದನ್ನು ಕೇಳಿ ಕಲಿಯುವುದು ಕಷ್ಟ, ಮಾಡಿ ಕಲಿಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಅಗ್ನಿಶಾಮಕ ಠಾಣೆಯವರನ್ನೋ ಶಾಲೆಗೆ ಕರೆಸಿ ಎಲ್ಲ ತಾಯಂದಿರ ಕೈಯಲ್ಲೂ ಮಾಡಿಸಿದರೆ, ಒಂದು ಮಧ್ಯಾಹ್ನದ ಕೆಲಸ.

ಬಾಂಗ್ಲಾದೇಶದವರು ಈ ದುಃಖವನ್ನು ನಮಗಿಂತ ಹೆಚ್ಚು ಕಂಡವರು. ಅಲ್ಲಿ ಪುಟ್ಟ ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದದ್ದು ಮನೆಯ ಪಕ್ಕದ ಕೊಳದಲ್ಲಿ. ಅದೂ ತಾಯಿ ಅಡುಗೆ, ಕೆಲಸಗಳಲ್ಲಿ ಮುಳುಗಿರುವ ಬೆಳಗಿನ ಹೊತ್ತಿನಲ್ಲಿ. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ: ಊರಿನ ಒಬ್ಬ ಹೆಂಗಸಿನ ಮನೆಯಲ್ಲಿ ಆ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನೆಲ್ಲ ಕೂರಿಸಿ ನೋಡಿಕೊಳ್ಳುವುದು, ದೊಡ್ಡ ಮಕ್ಕಳಿಗೆ ಈಜು ಕಲಿಸುವುದು. ಸಾವು ಬಹಳ ಇಳಿಯಿತು. ನಮ್ಮಲ್ಲೂ 2023ರ ಬಜೆಟ್ಟಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳಿಗಾಗಿ. ಅದು ಬರಿಯ ಹಾಲು ಕುಡಿಸಿ ಮಲಗಿಸುವ ಜಾಗವಲ್ಲ, ಪ್ರಾಣ ಉಳಿಸುವ ಜಾಗ ಎಂದು ನಾನು ನಂಬಿದ್ದೇನೆ. ನಿಮ್ಮ ಪಂಚಾಯಿತಿಯಲ್ಲಿ ಅದು ಬಾಗಿಲು ತೆರೆದಿದೆಯೇ ವಿಚಾರಿಸಿ.

ನೆಲದಲ್ಲಿರುವ ಇನ್ನೊಂದು ತೂತು ವಿಫಲವಾದ ಕೊಳವೆಬಾವಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದ ಕಂದ ಜೀವಂತವಾಗಿ ಮೇಲೆ ಬಂದಾಗ ನಾಡೇ ನಿಟ್ಟುಸಿರು ಬಿಟ್ಟಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ನೀರು ಸಿಗದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲು ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಗೋಣಿಚೀಲ ಹೊದಿಸಿ ಕಲ್ಲು ಹೇರಿದರೆ ಮುಚ್ಚಿದಂತಾಗುವುದಿಲ್ಲ.

ಚಿರತೆಯ ಮಾತನ್ನು ಮಾಗಡಿಯವರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. 2020ರ ಮೇ ತಿಂಗಳ ಸೆಕೆಯಲ್ಲಿ ಬಾಗಿಲು ತೆರೆದು ಮಲಗಿದ್ದ ಮನೆಯಿಂದ ಮೂರು ವರ್ಷದ ಮಗುವನ್ನು ಹೊತ್ತೊಯ್ದದ್ದು ಇದೇ ತಾಲ್ಲೂಕಿನಲ್ಲಿ. ಬೆಟ್ಟದಂಚಿನ ಮನೆಗಳಲ್ಲಿ ರಾತ್ರಿ ಬಾಗಿಲು ಹಾಕಿರಲಿ. ಮುಸ್ಸಂಜೆಯ ಮೇಲೆ ಬಯಲಿಗೂ ಕೊಟ್ಟಿಗೆಗೂ ಮಕ್ಕಳನ್ನು ಒಂಟಿಯಾಗಿ ಕಳಿಸುವುದು ಬೇಡ. ಟ್ಯೂಷನ್ನಿನಿಂದ ಬರುವ ದಾರಿಯಲ್ಲಿ ಬೀದಿದೀಪ ಕೆಟ್ಟಿದ್ದರೆ ಅದೂ ಶಾಲೆಯ ಸಭೆಯ ವಿಷಯವೇ. ರಸ್ತೆಯ ಬಗ್ಗೆ ಒಂದೇ ಮಾತು: ಬೈಕಿನ ಹಿಂದೆ ಕೂರುವ ನಾಲ್ಕು ವರ್ಷ ಮೇಲಿನ ಮಗುವಿಗೂ ಹೆಲ್ಮೆಟ್ ಬೇಕೆಂದು ಕಾನೂನಿದೆ. ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟು ಅವನು ಅಪರಾಧಕ್ಕೆ ಸಿಕ್ಕಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ.

ಕೊನೆಯ ವಿಷಯ ಹೇಳಲು ಎಲ್ಲರಿಗೂ ಸಂಕೋಚ. ಮಗು ಅಳುಕುತ್ತ ಬಂದು, “ಆ ಮಾಮ ನನ್ನನ್ನ ಮುಟ್ಟಿದ್ರು, ನಂಗೆ ಇಷ್ಟ ಆಗ್ಲಿಲ್ಲ” ಎಂದರೆ ಗದರಬೇಡಿ, ಹತ್ತು ಸಲ ಕೇಳಿ ಹಿಂಸೆ ಕೊಡಬೇಡಿ. ಹತ್ತಿರ ಕೂರಿಸಿಕೊಂಡು ನಂಬಿ. ಹೀಗೆ ಮಾಡುವವರು ಬಹಳ ಸಲ ಮಗುವಿಗೆ ಪರಿಚಿತರೇ; ಮನೆಯ ಮರ್ಯಾದೆ ಎಂದು ಮುಚ್ಚಿಟ್ಟರೆ ಮಗು ಮತ್ತೆ ಅವರ ಕೈಗೇ ಸಿಗುತ್ತದೆ. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನು ಮಾಡಬಹುದು, ದುಡ್ಡು ಬೇಕಿಲ್ಲ. ಆ ನಾಲ್ಕು ಅಂಕಿ ಶಾಲೆಯ ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರದಲ್ಲಿ ಬರೆದಿರಲಿ.

ಈಗ ಅರ್ಧ ಗಂಟೆಯ ಕೆಲಸಕ್ಕೆ ಬರುತ್ತೇನೆ. ಬೇಸಿಗೆ ರಜೆಗೆ ಮೊದಲಿನ ಸಭೆಯಲ್ಲಿ ಕರಿಹಲಗೆಯ ಮೇಲೆ ನಿಮ್ಮ ಊರಿನ ನಕ್ಷೆ ಬರೆಯಿರಿ. ಬರೆಯುವವರು ಮಕ್ಕಳೇ ಆಗಲಿ. ಎಲ್ಲಿ ಆಡುತ್ತಾರೆ, ಎಲ್ಲಿ ಈಜಲು ಹೋಗುತ್ತಾರೆ, ಯಾವ ಹೊಂಡಕ್ಕೆ ಬೇಲಿಯಿಲ್ಲ, ಯಾವ ತಿರುವಿನಲ್ಲಿ ಟಿಪ್ಪರ್ ಜೋರಾಗಿ ಬರುತ್ತದೆ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬೈಯುವುದಿಲ್ಲ ಎಂದು ಮಾತು ಕೊಟ್ಟರೆ ಹೇಳುತ್ತಾರೆ. ನಕ್ಷೆಯಲ್ಲಿ ಗುರುತಾದ ಒಂದೊಂದು ಜಾಗಕ್ಕೂ ಒಬ್ಬೊಬ್ಬರ ಹೆಸರು ಬರೆಯಿರಿ: ಈ ಹೊಂಡಕ್ಕೆ ಹಗ್ಗ ಕಟ್ಟಿಸುವವರು ಇವರು, ಆ ಕೊಳವೆಬಾವಿ ಮುಚ್ಚಿಸುವವರು ಅವರು. ರಜೆಯಲ್ಲಿ ಮಧ್ಯಾಹ್ನದ ಹೊತ್ತು ಊರಲ್ಲಿ ಉಳಿಯುವ ಅಜ್ಜಿ ತಾತಂದಿರು ಸರದಿಯಂತೆ ಕೆರೆ ಏರಿಯ ಕಡೆ ಕಣ್ಣಿಡಲು ಒಪ್ಪುತ್ತಾರೆಯೇ ಕೇಳಿ. ಕೇಳಿದರೆ ಒಪ್ಪುತ್ತಾರೆ.

ಶಾಲೆಯಿಂದ ಆಗದ ಕೆಲಸವನ್ನು ಮಕ್ಕಳ ಗ್ರಾಮಸಭೆಗೆ ಒಯ್ಯಿರಿ. ವರ್ಷಕ್ಕೊಮ್ಮೆ ಪಂಚಾಯಿತಿ ಅದನ್ನು ನಡೆಸಬೇಕು, ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕೆರೆಯ ಗುಂಡಿಯ ಪ್ರಶ್ನೆಯನ್ನು ಐದನೇ ತರಗತಿಯ ಹುಡುಗಿ ಎದ್ದು ನಿಂತು ಕೇಳಲಿ, ನಡಾವಳಿಯಲ್ಲಿ ಬರೆಸಲಿ. ಕೃಷಿ ಹೊಂಡದ ಬೇಲಿಗೆ ಕೃಷಿ ಭಾಗ್ಯದಲ್ಲಿ ಸಹಾಯಧನ ಸೇರಿದೆ. ಪಹಣಿ, ಆಧಾರ್ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಅರ್ಜಿ ಯಾವಾಗ ಎಂದು ವಿಚಾರಿಸಿ. ಅದು ಮಂಜೂರಾಗಿ ತಂತಿ ಬರುವವರೆಗೆ ಕಾಯದೆ, ಹಗ್ಗವನ್ನಂತೂ ಈ ವಾರವೇ ಕಟ್ಟಿ.